ಕಲ್ಲು ನಿಲ್ಲುವ ಅರ್ಧ ಗಂಟೆ

ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಮದರಾಸು ಅರೆನಿದ್ದೆಯಲ್ಲಿರುತ್ತಿತ್ತು. ಊಟವಾದವರು ಚಾಪೆ ಹಾಸಿ ಮಲಗಿರುತ್ತಿದ್ದರು, ಬಸ್ಸುಗಳು ಖಾಲಿ ಹೋಗುತ್ತಿದ್ದವು, ಸಮುದ್ರದ ಗಾಳಿ ಆಗಷ್ಟೇ ಎದ್ದು ಬೀದಿಗಳೊಳಕ್ಕೆ ಬರುತ್ತಿತ್ತು. ಆ ಹೊತ್ತಿನಲ್ಲಿ ನಾನು ಕಿಟಕಿಯಿಲ್ಲದ ಒಂದು ಕೋಣೆಗೆ ಹೋಗಿ, ಮೆತ್ತೆ ಹೊದಿಸಿದ ಎರಡು ಬಾಗಿಲುಗಳನ್ನು ಒಂದರ ಹಿಂದೆ ಒಂದು ಮುಚ್ಚಿಕೊಂಡು, ಕಣ್ಣಿಗೆ ಕಾಣದ ಜನರ ಜೊತೆ ಅರ್ಧ ಗಂಟೆ ಕನ್ನಡದಲ್ಲಿ ಮಾತಾಡುತ್ತಿದ್ದೆ. ಎರಡನೆಯ ಬಾಗಿಲು ಮುಚ್ಚಿದ ಕೂಡಲೇ ಹೊರಗಿನ ಊರು ಇಲ್ಲವಾಗುತ್ತಿತ್ತು. ನನ್ನ ಉಸಿರು ನನಗೇ ಕೇಳುತ್ತಿತ್ತು. ಗಾಜಿನಾಚೆ ಕುಳಿತ ಡ್ಯೂಟಿ ಅನೌನ್ಸರ್ ಕೈ ಎತ್ತುತ್ತಿದ್ದರು, ಕೆಂಪು ದೀಪ ಹತ್ತುತ್ತಿತ್ತು, ನಾನು ಶುರುಮಾಡುತ್ತಿದ್ದೆ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮ ರೇಡಿಯೋ ನಿಲಯದಲ್ಲಿ ತಮಿಳಿಗೆ ಇಡೀ ದಿನವಿತ್ತು, ಕನ್ನಡಕ್ಕೆ ವಾರಕ್ಕೆ ಅರ್ಧ ಗಂಟೆ. ನಾನು ಸೇರುವ ಕೆಲವು ವರ್ಷ ಮೊದಲು ಅದೂ ಇರಲಿಲ್ಲವಂತೆ. ಕಾಲು ಗಂಟೆ ಗ್ರಾಮಫೋನ್ ತಟ್ಟೆ ಹಾಕಿ ಮುಗಿಸುತ್ತಿದ್ದರಂತೆ. ಆಮೇಲೆ ಯಾರೋ ಪುಣ್ಯಾತ್ಮರು ಡಿಸೆಂಬರಿನ ಸಂಗೀತ ಸೀಸನ್ನಿಗೆ ಮೈಸೂರು, ಬೆಂಗಳೂರು ಕಡೆಯಿಂದ ಬಂದ ಗಾಯಕರನ್ನು ಹಿಡಿದು ತಂದು ಹಾಡಿಸತೊಡಗಿದರು. ಬ್ಯಾಂಕಿನವರೊಬ್ಬರು ಭಾಷಣ ಬರೆದುಕೊಟ್ಟರು, ಇನ್ಶೂರೆನ್ಸ್ ಆಫೀಸಿನ ದಂಪತಿ ನಾಟಕವಾಡಿದರು. ಹೀಗೆ ಕಾಲು ಗಂಟೆ ಅರ್ಧ ಗಂಟೆಯಾಯಿತು. ನಾನು ಬಂದಮೇಲೆ ಸೇರಿಸಿದ್ದು ಒಂದೇ ಒಂದು, ಮಳೆ ಸಮಾಚಾರ. ಮಂಗಳೂರಿನಿಂದ ಎರಡು ದಿನ ತಡವಾಗಿ ಬರುತ್ತಿದ್ದ ಪತ್ರಿಕೆ ನೋಡಿ ಯಾವ ಊರಲ್ಲಿ ಮಳೆ ಹಿಡಿದಿದೆ, ಯಾವ ಹೊಳೆ ತುಂಬಿದೆ ಎಂದು ಎರಡು ನಿಮಿಷ ಓದುತ್ತಿದ್ದೆ. ಹಳಸಿದ ಮಳೆ ಎಂದು ಸಹೋದ್ಯೋಗಿಗಳು ನಗುತ್ತಿದ್ದರು. ನಗಲಿ ಎಂದು ನಾನು ಓದುತ್ತಿದ್ದೆ.

ಕಾರ್ಯಕ್ರಮದ ಮುಕ್ತಾಯವನ್ನು ಮಾತ್ರ ನಾನು ಎಂದೂ ಬರೆದುಕೊಂಡವಳಲ್ಲ. ಕೊನೆಯ ಹಾಡು ಮುಗಿದಾಗ ಗಡಿಯಾರದಲ್ಲಿ ಎಷ್ಟು ಉಳಿದಿದೆಯೋ ನೋಡಿ, ಮಾತನ್ನು ಅಷ್ಟಕ್ಕೆ ಹಿಗ್ಗಿಸಿಯೋ ಕುಗ್ಗಿಸಿಯೋ, ಮೂರೂವರೆಗೆ ಸರಿಯಾಗಿ "ಎಲ್ಲರಿಗೂ ನಮಸ್ಕಾರ" ಎಂದು ನಿಲ್ಲಿಸುತ್ತಿದ್ದೆ. ಹತ್ತು ಸೆಕೆಂಡಿದ್ದರೂ ಸರಿ, ಎರಡು ನಿಮಿಷವಿದ್ದರೂ ಸರಿ. ನನಗಿದ್ದ ಜಂಬ ಇದೊಂದೇ, ಆದರೆ ಇದು ದೊಡ್ಡದಾಗಿತ್ತು.

ನಮ್ಮದು ಹುಬ್ಬಳ್ಳಿ ಕಡೆಯ ಮನೆತನ. ಅಪ್ಪ ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನಲ್ಲಿದ್ದರು. ನಾನು ಓದಿದ್ದು ತಮಿಳು ಶಾಲೆಯಲ್ಲಿ. ಮನೆಯಲ್ಲಿ ನನ್ನ ಕನ್ನಡ ಅರ್ಧ ಹುಬ್ಬಳ್ಳಿ, ಅರ್ಧ ಪೆರಂಬೂರು. ಮೈಕಿನ ಮುಂದೆ ಕುಳಿತಾಗ ಮಾತ್ರ ಅದಕ್ಕೆ ಇಸ್ತ್ರಿ ಬೀಳುತ್ತಿತ್ತು. ಸ್ವರವೂ ಇಳಿದು ನಿಧಾನವಾಗುತ್ತಿತ್ತು.

"ರೇಡಿಯೋದಾಗ ಯಾರ ಮಗಳ ಗತೆ ಮಾತಾಡ್ತೀಯವ್ವಾ ನೀ?" ಎಂದು ಅಪ್ಪ ಕಾಡಿಸುತ್ತಿದ್ದರು. "ನಮ್ಮ ಮನಿಯಾಕಿ ಅಂತ ಗುರ್ತಾ ಸಿಗಂಗಿಲ್ಲ."

ಜೂನ್ ತಿಂಗಳಲ್ಲಿ ನಿಲಯದ ನಿರ್ದೇಶಕರು ಕರೆದರು. ತಮಿಳರು, ಸಂಗೀತ ಬಲ್ಲವರು, ಯಾರ ಮೇಲೂ ದನಿ ಏರಿಸಿದವರಲ್ಲ. ನಾವು ಮಾತಾಡುತ್ತಿದ್ದುದು ತಮಿಳಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಮುಂದಿನ ಮೂರು ತಿಂಗಳ ಪಟ್ಟಿ ಮಾಡ್ತಿದ್ದೇನಮ್ಮಾ. ಭಾನುವಾರ ಮೂರು ಗಂಟೆ ಒಳ್ಳೆಯ ಹೊತ್ತು, ನಾಟಕ ವಿಭಾಗದವರು ಕೇಳ್ತಿದ್ದಾರೆ. ನಿಮ್ಮ ಕನ್ನಡಕ್ಕೆ ಕೇಳುಗರು ಇದ್ದಾರೆ ಅನ್ನೋದಕ್ಕೆ ನನ್ನ ಹತ್ತಿರ ಒಂದು ಕಾಗದವೂ ಇಲ್ಲ. ತಿಂಗಳಿಗೊಮ್ಮೆ, ಬೆಳಿಗ್ಗೆ ಆರೂವರೆಗೆ ಹಾಕೋಣ ಅಂತಿದ್ದೇನೆ."

ತಿಂಗಳಿಗೊಮ್ಮೆ ಎಂದರೆ ನನ್ನ ಕೆಲಸವೂ ತಿಂಗಳಿಗೊಮ್ಮೆ. ಆದರೆ ನಿಜ ಹೇಳುತ್ತೇನೆ, ಆಗ ನನಗೆ ಚುಚ್ಚಿದ್ದು ಅದಲ್ಲ. ಮೂರು ವರ್ಷದಿಂದ ನಾನು ಖಾಲಿ ಗಾಳಿಯ ಜೊತೆ ಮಾತಾಡುತ್ತಿದ್ದೆನೇ ಎಂಬುದು. ಮೆತ್ತೆಯ ಬಾಗಿಲುಗಳ ಹಿಂದೆ ಕುಳಿತಾಗ ಕೆಲವೊಮ್ಮೆ ನನಗೇ ಆ ಅನುಮಾನ ಬರುತ್ತಿತ್ತು. ಈಗ ಬೇರೆಯವರ ಬಾಯಲ್ಲಿ ಅದನ್ನು ಕೇಳಿ ಸಿಟ್ಟು ಬಂತು. ಕಾಗದ ತರಿಸುತ್ತೇನೆ, ನೋಡಿ ಸರ್ ಎಂದು ಹೇಳಿ ಎದ್ದುಬಂದೆ.

ಅದರ ಮುಂದಿನ ಎರಡು ಭಾನುವಾರ, ಕಾರ್ಯಕ್ರಮ ಇಷ್ಟವಾಗಿದ್ದರೆ ಒಂದು ಕಾರ್ಡು ಬರೆಯಿರಿ ಎಂದು ಕೇಳಿಕೊಂಡೆ. ಮೊದಲ ವಾರ ನಾಲ್ಕು ಬಂದವು. ಅದರಲ್ಲಿ ಒಂದು ಪೆರಂಬೂರಿನದು, ಅಪ್ಪನದು. ಹೆಸರು ಬದಲಾಯಿಸಿದ್ದರು, ಅಕ್ಷರ ಬದಲಾಯಿಸಲು ಬಂದಿರಲಿಲ್ಲ. ಅದನ್ನು ಬ್ಯಾಗಿನಲ್ಲಿ ಅಡಗಿಸಿಟ್ಟೆ. ಎರಡನೆಯ ವಾರ ಒಂದೇ ಟಪಾಲಿನಲ್ಲಿ ಮೂವತ್ತೇಳು ಕಾರ್ಡು ಬಂದವು. ದಾರದಿಂದ ಕಟ್ಟಿದ ಆ ಕಟ್ಟನ್ನು ಬಿಚ್ಚದೆ ನಿರ್ದೇಶಕರ ಮೇಜಿನ ಮೇಲಿಟ್ಟೆ. ಗೆದ್ದುಬಿಟ್ಟೆ ಎಂದುಕೊಂಡಿದ್ದೆ.

ಅವರು ದಾರ ಬಿಚ್ಚಿ, ನಾಲ್ಕು ಕಾರ್ಡು ಸಾಲಾಗಿಟ್ಟರು. ಇನ್ನೂ ನಾಲ್ಕಿಟ್ಟರು. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಓದುವ ಅಗತ್ಯವೂ ಇರಲಿಲ್ಲ.

"ಎನ್ನಮ್ಮಾ ಇದು? ಎಲ್ಲಾಂ ಒರೇ ಕೈಯೆಳುತ್ತು!"

ಹೌದು, ಎಲ್ಲವೂ ಒಂದೇ ಕೈಬರಹ. ಅದೇ ನೀಲಿ ಮಸಿ, ಅದೇ ಬಲಕ್ಕೆ ವಾಲಿದ ಅಕ್ಷರ, ಪ್ರತಿ ಕಾರ್ಡಿನಲ್ಲೂ ಅದೇ ಮಾತು. "ಮಾತೃಶ್ರೀ ಅಮ್ಮನವರಿಗೆ ಸಾಷ್ಟಾಂಗ ನಮಸ್ಕಾರಗಳು. ಈ ತನಕ ನಾವು ಕ್ಷೇಮ. ತಮ್ಮ ಕ್ಷೇಮಕ್ಕೆ ಕಾಗದ ಬರೆಸುವುದು. ಇಲ್ಲಿ ಮಳೆ ಇಲ್ಲ. ಅಲ್ಲಿ ಮಳೆ ಹೇಗೆ?" ಕೆಳಗೆ ಮಾತ್ರ ಬೇರೆ ಬೇರೆ ಹೆಸರು. ವಿಳಾಸ ಎಲ್ಲದಕ್ಕೂ ಒಂದೇ, ಮೈಲಾಪುರದ ಒಂದು ಹೋಟೆಲು. ಇಪ್ಪತ್ತನಾಲ್ಕು ವರ್ಷದ, ಮದುವೆಯಾಗದ ನನ್ನನ್ನು ಮೂವತ್ತೇಳು ಗಂಡಸರು ತಾಯಿ ಎಂದು ಕರೆದಿದ್ದರು. ಎರಡು ಮೈಲಿ ದೂರದಲ್ಲಿದ್ದವಳನ್ನು ಅಲ್ಲಿ ಮಳೆ ಹೇಗೆ ಎಂದು ಕೇಳಿದ್ದರು.

"ನೀವೇ ಬರೆಸಿದ್ದು ಅಂತ ನಾನು ಹೇಳೋದಿಲ್ಲ," ಎಂದರು ನಿರ್ದೇಶಕರು, ಕಾರ್ಡುಗಳನ್ನು ಮತ್ತೆ ದಾರದಿಂದ ಕಟ್ಟುತ್ತಾ. "ಆದರೆ ಇದನ್ನು ನಾನು ಯಾರಿಗೂ ತೋರಿಸೋ ಹಾಗಿಲ್ಲ. ಮುಂದಿನ ಬುಧವಾರ ಪಟ್ಟಿಗೆ ಸಹಿ ಹಾಕ್ತೇನೆ."

ಅವರು ಬೈದಿದ್ದರೆ ವಾಸಿಯಿತ್ತು. ಅವಮಾನದಿಂದ ನನ್ನ ಕಿವಿ ಉರಿಯುತ್ತಿತ್ತು. ಮರುದಿನ ಗುರುವಾರ, ಅದೇ ಕಟ್ಟನ್ನು ಕೈಯಲ್ಲಿ ಹಿಡಿದು ಮೈಲಾಪುರದ ಕೊಳದ ಹಿಂದಿನ ಬೀದಿಗೆ ಹೋದೆ. ಯಾರ ಚೇಷ್ಟೆಯೋ ಅವನಿಗೆ ನಾಲ್ಕು ಮಾತು ಅಂದು ಬರುವುದು ನನ್ನ ಉದ್ದೇಶವಾಗಿತ್ತು.

ಉಡುಪಿ, ಕುಂದಾಪುರದ ಕಡೆಯವರು ನಡೆಸುತ್ತಿದ್ದ ಊಟದ ಹೋಟೆಲು ಅದು. ಗಲ್ಲಾದಲ್ಲಿ ಕುಳಿತಿದ್ದ ರಾಯರು ಕನ್ನಡಕ ಏರಿಸಿ ಕಾರ್ಡಿನ ಕಟ್ಟು ನೋಡಿದರು.

"ನಾನೇ ಬರ್ದದ್ದು. ಎಂತ, ತಪ್ಪಾಯ್ತಾ?"

"ನಾ ರೇಡಿಯೋ ಆಫೀಸಿನಿಂದ ಬಂದೇನ್ರಿ. ಮೂವತ್ತೇಳೂ ನೀವ ಬರದ್ರ ನಮ್ಮ ಸಾಹೇಬ್ರು ನಂಬೂದು ಹೆಂಗ್ರಿ?"

"ಇವರ ಮನೆಗೆ ಹೋಗುವ ಕಾಗದ ಎಲ್ಲ ನಾನೇ ಬರೆಯುದಲ್ವಾ," ಎಂದರು ರಾಯರು, ಇದರಲ್ಲಿ ಕೇಳುವಂಥದ್ದೇನಿದೆ ಎಂಬ ಹಾಗೆ. "ಸಾಲಾಗಿ ಕೂತ್ಕೊಂಡು ಹೇಳ್ತಾರೆ, ನಾನು ಬರೆಯುದು. ಊರಲ್ಲಿ ಎಲ್ಲರಿಗೂ ಇರುದು ಅಮ್ಮ. ಅಮ್ಮನಿಗೆ ಬರೆಯುವ ಕ್ರಮ ನನಗೆ ಗೊತ್ತುಂಟು. ರೇಡಿಯೋಕ್ಕೆ ಬರೆಯುವ ಕ್ರಮ ಗೊತ್ತಿಲ್ಲ. ಹಾಗೆ ಅದೇ ಕ್ರಮದಲ್ಲಿ ಬರ್ದೆ."

"ಕಡೀಕ ಸಹಿನಾದ್ರೂ ಅವ್ರವ್ರ ಕೈಲೆ ಹಾಕಿಸಬಾರ್ದೇನ್ರಿ?"

ರಾಯರು ದನಿ ತಗ್ಗಿಸಿದರು. "ಸಹಿ ಬರುವವರು ಕಮ್ಮಿ ಅಮ್ಮಾ. ರೇಡಿಯೋದವರಿಗೆ ಹೆಬ್ಬೆಟ್ಟು ಕಳಿಸುದು ಮರ್ಯಾದೆ ಅಲ್ಲ ಅಂತ ಅವರೇ ಹೇಳಿದ್ರು."

ಕಾರ್ಡಿನ ಕಟ್ಟನ್ನು ಬ್ಯಾಗಿನೊಳಗೆ ಇಟ್ಟುಕೊಂಡೆ. ರಾಯರು ನನ್ನನ್ನು ಒಳಗೆ ಅಡುಗೆಮನೆಗೆ ಕರೆದುಕೊಂಡು ಹೋದರು. ಕೂಗಿ ಮಾತಾಡಬೇಕಾದಷ್ಟು ಸದ್ದು ಅಲ್ಲಿ. ಗೋಡೆಯುದ್ದಕ್ಕೆ ನಾಲ್ಕು ದೊಡ್ಡ ರುಬ್ಬುವ ಕಲ್ಲುಗಳು ತಿರುಗುತ್ತಿದ್ದವು. ಒಂದೊಂದರ ಮುಂದೂ ಒಬ್ಬೊಬ್ಬರು, ಬೆವರಿನಲ್ಲಿ ಮಿಂದವರು. ಅಡುಗೆಯವರಲ್ಲಿ ಹಿರಿಯರನ್ನು ಎಲ್ಲರೂ ದೊಡ್ಡ ಭಟ್ಟರು ಎನ್ನುತ್ತಿದ್ದರು. ಅರವತ್ತು ದಾಟಿದ ತೆಳ್ಳನೆಯ ಮನುಷ್ಯ. ರೇಡಿಯೋ ಆಫೀಸಿನವಳು ಎಂದು ತಿಳಿದ ಕೂಡಲೇ ಒಂದು ಮಣೆ ಹಾಕಿದರು.

"ಕೂತ್ಕೊಳ್ಳಿ. ಆ ಅಮ್ಮ ಹೇಗಿದ್ದಾರೆ?"

"ಯಾವ ಅಮ್ಮಾರಿ?"

"ಅದೇ, ಮಳೆ ಹೇಳುವವರು. ನಮ್ಮ ತಾಯಿದೇ ಸ್ವರ. ಈಗ ಆ ರೇಡಿಯೋ ಅಮ್ಮನಿಗೆ ಐವತ್ತಾದ್ರೂ ಆಗಿರ್ಬೇಕು, ಅಲ್ವಾ?"

ನಾನು ಆ ಹಿರಿಯರ ಮುಖ ನೋಡಿದೆ. ನಾನೇ ಅವಳು ಎನ್ನಲು ಬಾಯಿ ಬರಲಿಲ್ಲ. "ಆಗಿರಬಹುದ್ರಿ" ಎಂದೆ. ನನ್ನ ಹುಬ್ಬಳ್ಳಿಯ ಮಾತು ಕೇಳಿ ಅವರಿಗೆ ಅನುಮಾನವೂ ಬರಲಿಲ್ಲ.

ಆಮೇಲೆ ಅವರು ಹೇಳಿದ್ದು ಇಷ್ಟು. ಅಲ್ಲಿ ಕಲ್ಲು ಬೆಳಗಾಗುವ ಮೊದಲೇ ಶುರುವಾಗುತ್ತದೆ. ಇಡ್ಲಿಗೆ, ದೋಸೆಗೆ, ಚಟ್ನಿಗೆ, ಸಂಜೆಯ ವಡೆಗೆ ಎಂದು ತಿರುಗುತ್ತಲೇ ಇರುತ್ತದೆ. ಒಬ್ಬರು ಎದ್ದರೆ ಇನ್ನೊಬ್ಬರು ಕೂರುತ್ತಾರೆ, ಕಲ್ಲು ಮಾತ್ರ ನಿಲ್ಲುವುದಿಲ್ಲ. ವಾರದಲ್ಲಿ ಅದು ನಿಲ್ಲುವುದು ಒಮ್ಮೆ ಮಾತ್ರ, ಭಾನುವಾರ ಮೂರರಿಂದ ಮೂರೂವರೆಯವರೆಗೆ. ಕನ್ನಡ ಕಾರ್ಯಕ್ರಮ ಕೇಳಿಸಬೇಕೆಂದು ಹೋಟೆಲಿನ ಧನಿಗಳನ್ನು ಬೇಡಿಕೊಂಡು ಪಡೆದ ಅರ್ಧ ಗಂಟೆ ಅದು. ಭಾನುವಾರದ ಕಾರ್ಯಕ್ರಮ ನಿಲ್ಲಬಹುದು ಎಂದು ತಿಳಿಸಿದೆ.

"ಕಾರ್ಯಕ್ರಮ ಇಲ್ಲ ಅಂದ್ರೆ ಕಲ್ಲು ನಿಲ್ಲಿಸ್ಲಿಕ್ಕೆ ಎಂತ ಕಾರಣ ಹೇಳುದು?" ಎಂದರು ದೊಡ್ಡ ಭಟ್ಟರು.

"ಮುಂಜಾನೆ ಆರೂವರಿಗೆ ಇಟ್ರ?"

"ಆರೂವರೆಗೆ ಇಡ್ಲಿ ಇಳಿಸುವ ಹೊತ್ತು. ಆಗ ದೇವರು ಬಂದ್ರೂ ಹೊರಗೆ ಕೂತಿರ್ಬೇಕು."

ಬಸ್ಸಿನಲ್ಲಿ ವಾಪಸು ಬರುವಾಗ ಆ ಕಲ್ಲುಗಳ ಸದ್ದು ನನ್ನ ಕಿವಿಯಲ್ಲಿ ತಿರುಗುತ್ತಲೇ ಇತ್ತು. ಕೇಳುಗರಿದ್ದಾರೆ ಎನ್ನುವುದಕ್ಕೆ ಕಾಗದ ತಂದರೆ ನಂಬುವುದಿಲ್ಲ. ಸರಿ, ಆ ಸದ್ದು ನಿಲ್ಲುವುದನ್ನೇ ತಂದು ಕೇಳಿಸಿದರೆ? ಮಂದವೆಲಿಯ ತಿರುವಿನಲ್ಲಿ ಬಂದ ಯೋಚನೆ ಇಳಿಯುವ ಹೊತ್ತಿಗೆ ಗಟ್ಟಿಯಾಗಿತ್ತು.

ನಿಲಯಕ್ಕೆ ಆಗ ಹೊಸದಾಗಿ ಟೇಪ್ ರೆಕಾರ್ಡರ್ ಬಂದಿತ್ತು. ಹೊರಗೆ ಒಯ್ಯುವ ಯಂತ್ರ ಎಂದು ಹೆಸರು, ಹೊರಲು ಇಬ್ಬರು ಬೇಕು. ಅದರ ಉಸ್ತುವಾರಿ ನೋಡುತ್ತಿದ್ದ ಇಂಜಿನಿಯರ್ ನನ್ನ ಮಾತು ಕೇಳಿ ಕಣ್ಣರಳಿಸಿದರು.

"ನಿಶ್ಶಬ್ದವನ್ನು ರೆಕಾರ್ಡ್ ಮಾಡಬೇಕು ಅಂತೀರಾ? ಅದಕ್ಕೆ ಮೈಲಾಪುರಕ್ಕೆ ಯಾಕೆ, ಇಲ್ಲೇ ಬೇಕಾದಷ್ಟಿದೆ."

ತಮಾಷೆ ಮಾಡಿದರೂ ಅವರು ಕೈಬಿಡಲಿಲ್ಲ. ತೊಡಕು ಎರಡಿತ್ತು. ಒಂದು, ಸುರುಳಿಗೆ ಹಿಡಿಯುವುದು ಅರ್ಧ ಗಂಟೆ ಮಾತ್ರ. ನನಗೆ ಮೂರಕ್ಕೆ ಮೊದಲಿನ ಕಲ್ಲೂ ಬೇಕು, ಮೂರೂವರೆಯ ನಂತರದ ಕಲ್ಲೂ ಬೇಕು. ವೇಗವನ್ನು ಅರ್ಧಕ್ಕಿಳಿಸಿದರೆ ಒಂದು ಗಂಟೆ ಸಿಗುತ್ತದೆ, ಆದರೆ ಸದ್ದು ಸ್ವಲ್ಪ ಮಂಕಾಗುತ್ತದೆ ಎಂದರು. ಮಂಕಾಗಲಿ ಎಂದೆ. ಇನ್ನೊಂದು ತೊಡಕು ನಾನೇ. ಭಾನುವಾರ ಮೂರಕ್ಕೆ ನಾನು ಸ್ಟುಡಿಯೋದಲ್ಲಿರಬೇಕು. ಅದಕ್ಕೆ ಶನಿವಾರವೇ ಕುಳಿತು ಇಡೀ ಕಾರ್ಯಕ್ರಮವನ್ನು ಸ್ಟುಡಿಯೋದ ದೊಡ್ಡ ಯಂತ್ರದಲ್ಲಿ ಟೇಪಿಗೆ ಮಾತಾಡಿ ಮುಗಿಸಿದೆ. ನಿರೂಪಣೆ, ಮಳೆ ಸಮಾಚಾರ, ಒಂದು ಭಾಷಣ, ಮೂರು ಹಾಡು. ಯಾವ ನಿಮಿಷಕ್ಕೆ ಏನು ಎಂದು ಬರೆಯುವ ಹಾಳೆಗೆ ಕ್ಯೂ ಶೀಟ್ ಎನ್ನುತ್ತಿದ್ದೆವು. ಅದನ್ನೂ ಬರೆದು ಡ್ಯೂಟಿ ಅನೌನ್ಸರ್‌ಗೆ ಕೊಟ್ಟೆ. ನೂರಕ್ಕೂ ಹೆಚ್ಚು ಭಾನುವಾರ ಬರೆದ ಹಾಳೆಯೇ ಅದು, ಕೈ ತಾನಾಗಿ ಬರೆಯಿತು. ನಾನು ಹೊರಗೆ ಹೋಗುವ ವಿಷಯವನ್ನು ಅವರಿಗೆ ಹೇಳಲೂ ಇಲ್ಲ, ಹಾಳೆಯಲ್ಲಿ ಎಲ್ಲ ಇದೆಯಲ್ಲ ಎಂದುಕೊಂಡು.

ಭಾನುವಾರ ಎರಡೂವರೆಗೆ ನಿಲಯದ ವ್ಯಾನಿನಲ್ಲಿ ಹೋಟೆಲಿಗೆ ಹೋದೆವು. ಒಳಗೆ ಹೋಗಿ ನೋಡಿದರೆ ಇರುವುದು ಒಂದೇ ಪ್ಲಗ್ಗು, ಅದು ರೇಡಿಯೋಕ್ಕೆ. ಯಂತ್ರ ಹಚ್ಚಬೇಕೆಂದರೆ ರೇಡಿಯೋ ಕಳಚಬೇಕು. ಇಂಜಿನಿಯರ್ ಬಾಯಲ್ಲಿ ಸ್ಕ್ರೂಡ್ರೈವರ್ ಕಚ್ಚಿಕೊಂಡು, ಗಲ್ಲಾದ ಮೇಲಿನ ಬಲ್ಬು ಬಿಚ್ಚಿ, ಆ ಹೋಲ್ಡರಿನಿಂದ ವೈರು ಎಳೆದು ಅಡುಗೆಮನೆಯ ತನಕ ತಂದರು. ಮೈಕನ್ನು ಕಲ್ಲುಗಳ ನಡುವಿನ ಕಂಬಕ್ಕೆ ಬಾಳೆನಾರಿನಿಂದ ಕಟ್ಟಿದರು. ಮೂರಕ್ಕೆ ಹತ್ತು ನಿಮಿಷವಿದ್ದಾಗ ಸುರುಳಿ ತಿರುಗತೊಡಗಿತು. ಯಂತ್ರದ ಮೇಲೆ ಸದ್ದು ಅಳೆಯುವ ಒಂದು ಮುಳ್ಳಿತ್ತು. ಕಲ್ಲಿನ ಸದ್ದಿಗೆ ಅದು ಬಲತುದಿಗೆ ಹೋಗಿ ನಡುಗುತ್ತಾ ನಿಂತಿತ್ತು.

ಮೂರು ಗಂಟೆಗೆ ಊಟದ ಹಾಲಿನ ರೇಡಿಯೋದಲ್ಲಿ ನಮ್ಮ ಕಾರ್ಯಕ್ರಮ ಶುರುವಾಗುವಾಗ ಪ್ರತಿ ವಾರ ಬರುವ ವೀಣೆ ಕೇಳಿತು. ಒಂದು ಕಲ್ಲು ನಿಂತಿತು. ಎರಡನೆಯದು, ಮೂರನೆಯದು ನಿಂತವು. ಕೊನೆಯವನು ಕೈಯಲ್ಲಿದ್ದ ಹಿಟ್ಟನ್ನು ಕಲ್ಲಿನ ಅಂಚಿಗೆ ಒರೆಸಿ, ಕೈ ತೊಳೆದುಕೊಂಡು ಬಂದ. ಮುಳ್ಳು ಮೆಲ್ಲಗೆ ಇಳಿದು ಎಡಗಡೆ ಮಲಗಿತು.

ಆಮೇಲಿನ ಅರ್ಧ ಗಂಟೆಯನ್ನು ಈಗಲೂ ನಾನು ಪೂರ್ತಿ ನಂಬುವುದಿಲ್ಲ. ಅಷ್ಟು ಹೊತ್ತಿನ ಸದ್ದು ಹೋದಮೇಲೆ ಆ ಜಾಗ ದೊಡ್ಡದಾದಂತೆ ಕಂಡಿತು. ಗವಾಕ್ಷಿಯಿಂದ ಬಿಸಿಲಿನ ಒಂದು ಕೋಲು ಇಳಿದು ಬಂದು, ಅದರೊಳಗೆ ಹಿಟ್ಟಿನ ದೂಳು ತೇಲುತ್ತಿತ್ತು. ಮೂವತ್ತು ನಲವತ್ತು ಜನ ತಂಪು ನೆಲದ ಮೇಲೆ ಕುಳಿತಿದ್ದರು, ಕೆಲವರು ಅಂಗಾತ ಮಲಗಿದ್ದರು. ಕಣ್ಣು ಮುಚ್ಚಿದ್ದರೂ ಯಾರೂ ನಿದ್ದೆ ಮಾಡುತ್ತಿರಲಿಲ್ಲ. ಹಾಲಿನ ಕಡೆಯಿಂದ ಒಬ್ಬ ಹೆಂಗಸಿನ ದನಿ ಬರುತ್ತಿತ್ತು, ನಿಧಾನವಾಗಿ, ಯಾವ ಅವಸರವೂ ಇಲ್ಲದೆ. ಅದು ನನ್ನದು ಎಂದು ನನಗೆ ಗೊತ್ತಿತ್ತು. ಆದರೂ ಅವಳು ಯಾರೋ ಬೇರೆ, ಅವಳಿಗೆ ಐವತ್ತು ವರ್ಷ, ಅವಳಿಗೆ ಮೂವತ್ತೇಳು ಮಕ್ಕಳು ಎಂದೇ ಅನಿಸುತ್ತಿತ್ತು. ಕುಂದಾಪುರದ ಕಡೆ ಮಳೆ ಹಿಡಿದಿದೆ, ಹೊಳೆ ತುಂಬಿದೆ ಎಂದು ಅವಳು ಹೇಳಿದಾಗ ಮಲಗಿದ್ದವರೊಬ್ಬರು ಕಣ್ಣು ತೆರೆಯದೆ, "ಗದ್ದೆಯಲ್ಲಿ ನಟ್ಟಿ ಶುರುವಾಗಿರ್ತದೆ" ಎಂದರು. ಯಾರೋ "ಹೂಂ" ಎಂದರು. ಮೂರು ದಿನದ ಹಿಂದಿನ ಮಳೆ ಅದು. ಅಲ್ಲಿ ಆಗಷ್ಟೇ ಬಿದ್ದ ಹಾಗಿತ್ತು.

ಕೊನೆಯ ಹಾಡು ಮೂರು ಇಪ್ಪತ್ತೆಂಟಕ್ಕೆ ಮುಗಿಯಿತು. ಇನ್ನು ನನ್ನ ಮುಕ್ತಾಯ ಎಂದುಕೊಂಡೆ. ಅದೇ ಕ್ಷಣ ನೆನಪಾಯಿತು. ಶನಿವಾರ ನಾನು ಮುಕ್ತಾಯವನ್ನು ರೆಕಾರ್ಡ್ ಮಾಡಿರಲಿಲ್ಲ. ಎಂದೂ ಬರೆದುಕೊಳ್ಳದ ಮಾತು, ಬರೆದ ಹಾಳೆಗಳಲ್ಲಿ ಇರಲಿಲ್ಲ, ಅದಕ್ಕೆ ಓದಿರಲಿಲ್ಲ. ಅಷ್ಟೇ ಅಲ್ಲ, ಕ್ಯೂ ಶೀಟಿನ ಕೊನೆಯ ಸಾಲಿನಲ್ಲಿ ನನ್ನ ಕೈ ಎಂದಿನಂತೆ "ಮುಕ್ತಾಯ: ನಿರೂಪಕಿ, ಸ್ಟುಡಿಯೋದಿಂದ ನೇರ" ಎಂದು ಬರೆದಿತ್ತು.

ರೇಡಿಯೋದಲ್ಲಿ ಹಾಡಿನ ಬಾಲ ಮುಗಿದು, ಟಕ್ ಎಂದು ಸಣ್ಣ ಸದ್ದಾಯಿತು. ಡ್ಯೂಟಿ ಅನೌನ್ಸರ್ ಹಾಳೆ ನೋಡಿ ಸ್ಟುಡಿಯೋದ ಮೈಕು ತೆರೆದಿದ್ದರು. ಆಮೇಲೆ ಕೇಳಿದ್ದು ಆ ಕೋಣೆ. ನಾನಿಲ್ಲದ ನನ್ನ ಕೋಣೆ. ಸಣ್ಣಗೆ ಗುಂಯ್‌ಗುಡುವ ಗಾಳಿ, ಮೇಜಿನ ಮೇಲೆ ನಾನು ಬಿಟ್ಟುಬಂದ ಹಾಳೆಯೊಂದು ಅಲುಗಾಡುವ ಸದ್ದು. ಮದರಾಸಿಗೆಲ್ಲ, ಸಮುದ್ರದ ಮೇಲಕ್ಕೂ, ಅದು ಹೋಗುತ್ತಿತ್ತು. ರೇಡಿಯೋದವರಿಗೆ ಇದಕ್ಕಿಂತ ದೊಡ್ಡ ತಪ್ಪಿಲ್ಲ. ಹತ್ತು ಸೆಕೆಂಡಾಯಿತು, ಇಪ್ಪತ್ತಾಯಿತು. ಇಂಜಿನಿಯರ್ ನನ್ನ ಮುಖ ನೋಡಿದರು. ನನಗೆ ನೆಲ ಬಿರಿಯಬಾರದೇ ಅನಿಸಿತು.

ಕಲ್ಲಿನ ಹತ್ತಿರದವನು ಮೈಮುರಿದು ಏಳಹೋದ. ದೊಡ್ಡ ಭಟ್ಟರು ಕೈ ಎತ್ತಿದರು.

"ತಡಿ. ಕಲ್ಲು ಮುಟ್ಬೇಡ. ಅಮ್ಮ ಇನ್ನೂ ಹೇಳ್ಲಿಲ್ಲ."

ಅವನು ಕುಳಿತ. ಯಾರೂ ಕೆಮ್ಮಲಿಲ್ಲ. ನಲವತ್ತು ಜನ, ಖಾಲಿ ಕೋಣೆಯೊಂದರ ಗಾಳಿಯನ್ನು ಕೇಳಿಸಿಕೊಳ್ಳುತ್ತಾ, ಒಂದು "ನಮಸ್ಕಾರ"ಕ್ಕೆ ಕಾಯುತ್ತಿದ್ದರು. ಒಂದು ನಿಮಿಷವಾಯಿತು. ಮೂರು ವರ್ಷ ನಾನು ಅನುಮಾನಪಟ್ಟಿದ್ದು ಇವರ ಮೇಲೆ. ನಾಚಿಕೆಯೂ ಆಯಿತು, ಹೇಳಲಾರದಷ್ಟು ಸಂತೋಷವೂ ಆಯಿತು. ದೊಡ್ಡ ಭಟ್ಟರ ಎತ್ತಿದ ಕೈ ಹಾಗೇ ಗಾಳಿಯಲ್ಲಿತ್ತು. ಇನ್ನು ತಡೆಯಲಾಗಲಿಲ್ಲ. ಮಣೆಯ ಮೇಲೆ ಕುಳಿತಲ್ಲೇ ಬೆನ್ನು ನೆಟ್ಟಗೆ ಮಾಡಿದೆ.

"ಇಲ್ಲಿಗೆ ಇಂದಿನ ಕನ್ನಡ ಕಾರ್ಯಕ್ರಮ ಮುಗಿಯಿತು. ಮತ್ತೆ ಮುಂದಿನ ಭಾನುವಾರ ಮೂರು ಗಂಟೆಗೆ ಭೇಟಿಯಾಗೋಣ. ಅಲ್ಲಿಯತನಕ ಕ್ಷೇಮವಾಗಿರಿ. ಎಲ್ಲರಿಗೂ ನಮಸ್ಕಾರ."

ಕೆಲವರು ಅಭ್ಯಾಸಬಲದಿಂದ ಎದ್ದೇಬಿಟ್ಟರು. ಎದ್ದವರು ಹಾಗೇ ನಿಂತರು. ದನಿ ಬಂದದ್ದು ಹಾಲಿನ ರೇಡಿಯೋದಿಂದಲ್ಲ. ದೊಡ್ಡ ಭಟ್ಟರು ರೇಡಿಯೋದ ಕಡೆ ನೋಡಿದರು, ಆಮೇಲೆ ನನ್ನ ಕಡೆ ನೋಡಿದರು, ಎತ್ತಿದ ಕೈಯನ್ನು ಇಳಿಸುವುದನ್ನೇ ಮರೆತಿದ್ದರು.

"ಅಯ್ಯೋ ದೇವರೇ," ಎಂದರು. "ಇಷ್ಟು ಸಣ್ಣ ಹುಡುಗಿಯಾ?"

ನಾನು ನಕ್ಕೆನೋ ಅತ್ತೆನೋ ನೆನಪಿಲ್ಲ. ಅಷ್ಟರಲ್ಲಿ ರೇಡಿಯೋದಲ್ಲಿ ಗಡಬಡಿಸಿಕೊಂಡು ಒಂದು ಪಿಟೀಲು ಶುರುವಾಯಿತು. ಡ್ಯೂಟಿ ಅನೌನ್ಸರ್ ನನ್ನನ್ನು ಹುಡುಕಿಕೊಂಡು ಮೊಗಸಾಲೆಯೆಲ್ಲ ಓಡಿ, ಕೊನೆಗೆ ಕೈಗೆ ಸಿಕ್ಕ ಗ್ರಾಮಫೋನ್ ತಟ್ಟೆ ಹಾಕಿದ್ದರು. ಆ ಪಿಟೀಲಿನ ಮೇಲೆ ಒಂದೊಂದಾಗಿ ನಾಲ್ಕು ಕಲ್ಲುಗಳೂ ತಿರುಗತೊಡಗಿದವು.

ಸೋಮವಾರ ಇಂಜಿನಿಯರ್ ಕೋಣೆಯಲ್ಲಿ ಸುರುಳಿ ಹಾಕಿ ಕೇಳಿದೆವು. ಎಲ್ಲವೂ ಬಂದಿತ್ತು. ನಿಲ್ಲುವ ಕಲ್ಲು, ಮಂಕಾದ ವೀಣೆ, ದೂರದಿಂದ ನನ್ನ ದನಿ, ಖಾಲಿ ಕೋಣೆ, ಭಟ್ಟರ ಮಾತು. ಇಂಜಿನಿಯರ್ ಟೇಪನ್ನು ಬೆರಳಿನಲ್ಲಿ ಹಿಡಿದು ಅಳೆದರು. ಹಾಡು ಮುಗಿದಲ್ಲಿಂದ ಪಿಟೀಲಿನ ತನಕ ಇಪ್ಪತ್ತೆಂಟು ಅಡಿ.

"ಇಷ್ಟನ್ನು ಕತ್ತರಿಸಿ ಅಂಟಿಸಿಬಿಡ್ತೇನೆ. ಒಂದು ಬ್ಲೇಡು ಸಾಕು. ನಿನ್ನೆ ಭಾನುವಾರ, ಸಾಹೇಬರು ರೇಡಿಯೋ ಹಾಕಿರಲಿಲ್ಲವಂತೆ. ಕಲ್ಲು ನಿಲ್ಲೋದೂ ಶುರುವಾಗೋದೂ ಇರುತ್ತೆ, ನಿಮ್ಮ ತಪ್ಪು ಇರೋದಿಲ್ಲ."

ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ಆ ಇಪ್ಪತ್ತೆಂಟು ಅಡಿ ಹೋದರೆ ನಾನು ಜಾಣೆ. ಉಳಿದರೆ, ಕೇಳುಗರಿದ್ದಾರೆಂದು ಸಾಧಿಸಲು ಹೋಗಿ ನಿಲಯವನ್ನೇ ಮೂಕಮಾಡಿದವಳು. ಕೆಲಸ ಹೋದರೂ ಕೇಳುವಂತಿಲ್ಲ. ನಾನು ಬ್ಲೇಡನ್ನು ಕೈಗೆ ತೆಗೆದುಕೊಂಡೆ ಕೂಡ. ಆದರೆ ಮೂರಕ್ಕೆ ಕಲ್ಲು ನಿಂತದ್ದು ಕೇವಲ ವಿಶ್ರಾಂತಿಗೆ ಎಂದು ಯಾರಾದರೂ ಹೇಳಬಹುದು. ರೇಡಿಯೋ ಮಾತೇ ಆಡದಿದ್ದಾಗಲೂ ಒಬ್ಬರೂ ಕಲ್ಲು ಮುಟ್ಟದೆ ಕುಳಿತದ್ದು ಆ ಇಪ್ಪತ್ತೆಂಟು ಅಡಿಯಲ್ಲಿ ಮಾತ್ರ ಇತ್ತು. ಅದನ್ನು ಕತ್ತರಿಸುವುದೆಂದರೆ ಆ ಎತ್ತಿದ ಕೈಯನ್ನು ಕತ್ತರಿಸಿದ ಹಾಗೆ. ಬ್ಲೇಡನ್ನು ಡಬ್ಬಿಯಲ್ಲಿಟ್ಟು, ಹಾಗೇ ಇರಲಿ ಎಂದೆ.

ಮಂಗಳವಾರ ಇಂಜಿನಿಯರ್ ಸುರುಳಿ ಹಾಕಿದರು, ನಿರ್ದೇಶಕರು ಕಣ್ಣು ಮುಚ್ಚಿಕೊಂಡು ಕೇಳಿದರು, ಸಂಗೀತ ಕಚೇರಿ ಕೇಳುವ ಹಾಗೆ. ಕಲ್ಲು ನಿಂತಾಗಲೂ ಕಣ್ಣು ತೆರೆಯಲಿಲ್ಲ. ಖಾಲಿ ಕೋಣೆ ಬಂದಾಗ ಮಾತ್ರ ಥಟ್ಟನೆ ಕಣ್ಣು ತೆರೆದು ಗಡಿಯಾರ ನೋಡಿದರು. ಅವರ ಮುಖ ಕೆಂಪಾಯಿತು.

"ಇದು ಪ್ರಸಾರದಲ್ಲಿ ಹೋಯಿತಾ?"

"ಹೋಯಿತು ಸರ್. ತಪ್ಪು ನನ್ನದು. ಡ್ಯೂಟಿಯಲ್ಲಿದ್ದವರದಲ್ಲ."

ಅಷ್ಟರಲ್ಲಿ ಭಟ್ಟರ ಮಾತು ಬಂತು. ಅವರು ಏನು ಹೇಳುತ್ತಿದ್ದಾರೆ ಎಂದು ನಿರ್ದೇಶಕರು ಕೇಳಿದರು. ಅಮ್ಮ ಇನ್ನೂ ಹೇಳಲಿಲ್ಲ, ಅದಕ್ಕೆ ಕಲ್ಲು ಮುಟ್ಟಬೇಡ ಅಂದರು ಎಂದೆ. ಟೇಪಿನಲ್ಲಿ ನಲವತ್ತು ಜನ ಕಾಯುತ್ತಿದ್ದರು, ಇಲ್ಲಿ ನಾವು ಮೂವರು ಕಾದೆವು. ನನ್ನ ನಮಸ್ಕಾರ ಬಂತು, ಪಿಟೀಲು ಬಂತು, ಕಲ್ಲುಗಳು ತಿರುಗಿದವು. ನಿರ್ದೇಶಕರು ಸುರುಳಿಯನ್ನು ಹಿಂದಕ್ಕೆ ತಿರುಗಿಸಲು ಹೇಳಿ, ಆ ಖಾಲಿ ಭಾಗವನ್ನು ಇನ್ನೊಮ್ಮೆ ಕೇಳಿದರು.

ಬುಧವಾರ ಎರಡು ಕಾಗದ ಬಂದವು. ಒಂದು ಹೊಸ ಪಟ್ಟಿ. ಅದರಲ್ಲಿ ಭಾನುವಾರ ಮೂರು ಗಂಟೆಯ ಎದುರು ಕನ್ನಡ ಎಂದಿತ್ತು. ಇನ್ನೊಂದು ನನಗೆ ಮೆಮೊ, ಅಜಾಗರೂಕತೆಯಿಂದ ಪ್ರಸಾರ ಮೌನವಾದುದಕ್ಕೆ ವಿವರಣೆ ಕೇಳಿ. ಎರಡರ ಕೆಳಗೂ ಒಂದೇ ಸಹಿ, ಒಂದೇ ಮಸಿ. ಸುರುಳಿಯನ್ನು ನಿಯಮದಂತೆ ಅಳಿಸಿ ಬೇರೆ ಕೆಲಸಕ್ಕೆ ತೆಗೆದುಕೊಂಡರು. ಮೆಮೊ ಇನ್ನೂ ನನ್ನ ಹತ್ತಿರವಿದೆ.

ಮುಂದಿನ ಭಾನುವಾರ ನಾನು ಮತ್ತೆ ಎರಡು ಬಾಗಿಲು ಮುಚ್ಚಿಕೊಂಡು ಕುಳಿತೆ. ವೀಣೆ ಮುಗಿಯಿತು. ಗಾಜಿನಾಚೆ ಕೈ ಮೇಲೆದ್ದಿತು, ಕೆಂಪು ದೀಪ ಹತ್ತಿತು. ನಾನು ಮಾತು ಶುರುಮಾಡಲಿಲ್ಲ. ಡ್ಯೂಟಿ ಅನೌನ್ಸರ್ ಗಾಬರಿಯಾಗಿ ಎರಡೂ ಕೈ ಬೀಸಿದರು, ಈ ಸಲವೂ ಮರೆತಳೋ ಎಂದುಕೊಂಡಿರಬೇಕು. ನಾನು ಮರೆತಿರಲಿಲ್ಲ. ಕೊನೆಯ ಕಲ್ಲಿನವನು ಕೈ ತೊಳೆದುಕೊಂಡು ಬರಲಿ ಎಂದು ಕಾಯುತ್ತಿದ್ದೆ.